ಮಗಳ ರೋಬೋಟ್‌ಗೆ ಜೀನ್ಸ್ ಗೆರೆ ಕಾಣುತ್ತಿಲ್ಲ. ಕಿಟ್ ಕೆಟ್ಟಿದೆಯಾ?

ಕೌಲ್ ಬಜಾರ್ ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ. ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇಟ್ಟುಕೊಂಡಿದ್ದೇನೆ. ಕರೆಂಟಿನ ವಿಷಯದಲ್ಲಿ ಫ್ಯೂಸ್ ಕಟ್ಟುವುದು ಬಿಟ್ಟರೆ ನನಗೇನೂ ಗೊತ್ತಿಲ್ಲ.

ಮಗಳು ಈಗ ಏಳನೇ ಕ್ಲಾಸಿಗೆ ಹೋಗುತ್ತಾಳೆ. ಬೇಸಿಗೆ ರಜೆಯಲ್ಲಿ ಮೊಬೈಲ್ ಹಿಡಿದು ಕೂರದಿರಲಿ ಅಂತ ಗೆರೆ ಹಿಡಿದು ಓಡುವ ರೋಬೋಟ್ ಕಿಟ್ ತರಿಸಿಕೊಟ್ಟೆ. ಡಬ್ಬದಲ್ಲಿ ಕೋಡ್ ಹಾಕಿ ನಡೆಸುವ ಆರ್ಡುಯಿನೋ ಉನೋ ತರಹದ ಬೋರ್ಡು, ಮೋಟರ್‌ಗೆ ಕರೆಂಟು ಹಾಯಿಸುವ ಎಲ್298ಎನ್ ಅನ್ನುವ ಕೆಂಪು ಡ್ರೈವರ್, ಎರಡು ಹಳದಿ ಮೋಟರ್, ಗೆರೆ ನೋಡಲು ಎರಡು ಐಆರ್ (ಇನ್ಫ್ರಾರೆಡ್) ಸೆನ್ಸರ್, 9 ವೋಲ್ಟ್ ಬ್ಯಾಟರಿ ಕ್ಲಿಪ್ಪು ಇತ್ತು. ಸೂಚನೆ ಅಂತ ಒಂದೇ ಹಾಳೆ. ಅದರಲ್ಲಿ ಚಿತ್ರ ಮಸುಕು. ಅಕ್ರಿಲಿಕ್ ಪ್ಲೇಟು ಕಂದು ಬಣ್ಣದ್ದು ಅಂತ ಎರಡು ದಿನ ಅಂದುಕೊಂಡಿದ್ದೆವು. ಆಮೇಲೆ ಮಗಳು ಉಗುರಿನಿಂದ ಕೆರೆದಳು. ಮೇಲಿನದು ಬರೀ ಕಾಗದ, ಒಳಗೆ ಗಾಜಿನಂತೆ ಇದೆ!

ಜೋಡಿಸಿದ್ದೆಲ್ಲ ಅವಳೇ. ಈಗ ತೊಂದರೆ ಹೇಳುತ್ತೇನೆ.

ನಮ್ಮ ಹಾಲ್‌ಗೆ ಕಡಪ ಕಲ್ಲು ಹಾಕಿಸಿದೆ. ಅಲ್ಲಿ ಬಿಟ್ಟರೆ ನಿಂತೇ ಇರುತ್ತದೆ, ಇಲ್ಲವೇ ನಿಂತಲ್ಲೇ ಸುತ್ತುತ್ತದೆ. ಬಿಳಿ ಚಾರ್ಟ್ ಪೇಪರ್ ಮೇಲೆ ಕಿಟ್ಟಿನ ಕಪ್ಪು ಟೇಪು ಅಂಟಿಸಿದರೆ ಚೆನ್ನಾಗಿ ಓಡುತ್ತದೆ. ಆದರೆ ಹತ್ತು ನಿಮಿಷ ಅಷ್ಟೇ. ಆಮೇಲೆ ಮೋಟರ್ ತಿರುಗಲು ಹೋದ ಕೂಡಲೇ ಬೋರ್ಡಿನ ದೀಪ ಆರಿ ಮತ್ತೆ ಹತ್ತುತ್ತದೆ.

ಮೂರನೆಯದೇ ವಿಚಿತ್ರ. ದೊಡ್ಡ ಟ್ರ್ಯಾಕ್ ಮಾಡೋಣ ಅಂತ ಮಗಳು ಬಿಳಿ ಬಟ್ಟೆ ಹಾಸಿ, ಅದರ ಮೇಲೆ ನಮ್ಮ ಯೂನಿಟ್ಟಿನ ಕಡು ನೀಲಿ ಜೀನ್ಸ್ ಪಟ್ಟಿಗಳನ್ನು ಅಂಟಿಸಿದಳು. ಕಣ್ಣಿಗೆ ಹೆಚ್ಚುಕಮ್ಮಿ ಕಪ್ಪೇ ಅನ್ನಿಸುತ್ತದೆ. ರೋಬೋಟ್ ಮಾತ್ರ ಅಲ್ಲಿ ಏನೂ ಇಲ್ಲವೇ ಇಲ್ಲ ಅನ್ನುವ ಹಾಗೆ ದಾಟಿ ಹೋಗುತ್ತದೆ. ಸೆನ್ಸರ್ ಕೆಟ್ಟಿದೆಯಾ? ವಾಪಸ್ ಕಳಿಸಲು ಇನ್ನು ಮೂರು ದಿನ ಇದೆ.

ಹಳೇ ರೇಡಿಯೋ

ವಾಪಸ್ ಕಳಿಸಬೇಡಿ. ಮೊದಲು ಬ್ಯಾಟರಿ ಮಾತಾಡೋಣ.

ಆ ಚೌಕಾಕಾರದ 9 ವೋಲ್ಟ್ ಬ್ಯಾಟರಿ ಮಲ್ಟಿಮೀಟರ್‌ಗೆ, ಹೊಗೆ ಅಲಾರಂಗೆ ಸರಿ. ಸ್ವಲ್ಪ ಸ್ವಲ್ಪವೇ ಕರೆಂಟು ಕೊಡುವುದು ಅದರ ಕೆಲಸ. ಹಳದಿ ಮೋಟರ್ ಹೊರಡುವ ಕ್ಷಣದಲ್ಲಿ, ಇಲ್ಲವೇ ಎಲ್ಲಾದರೂ ಸಿಕ್ಕಿಕೊಂಡಾಗ, ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಎರಡೂ ಒಟ್ಟಿಗೆ ಎಳೆದಾಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಬೋರ್ಡಿಗೆ ಸಾಲದೆ ಅದು ರೀಸೆಟ್ ಆಗುತ್ತದೆ. ಮೋಟರ್ ನಿಂತ ಮೇಲೆ ವೋಲ್ಟೇಜ್ ಏರುತ್ತದೆ, ಬೋರ್ಡು ಎದ್ದು ಮೋಟರ್‌ಗೆ ಹೋಗು ಅನ್ನುತ್ತದೆ, ಮತ್ತೆ ಕುಸಿಯುತ್ತದೆ. ನಿಮ್ಮ ದೀಪ ಮಿಣುಕುವುದು ಇದೇ ಕಾರಣಕ್ಕೆ.

ಮೇಲಾಗಿ ಆ ಎಲ್298ಎನ್ ಹಳೇ ಕಾಲದ ಚಿಪ್ಪು. ಸುಮಾರು 2 ವೋಲ್ಟ್ ತಾನೇ ನುಂಗಿ ಬಿಸಿ ಮಾಡಿಕೊಳ್ಳುತ್ತದೆ. ಹಾಗಾಗಿ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೂ ಮೋಟರ್‌ಗೆ ಸಿಗುವುದು 4 ವೋಲ್ಟ್ ಆಸುಪಾಸು. ರೀಚಾರ್ಜ್ ಆಗುವ ನಿಕಲ್ ಸೆಲ್ಲು ಆರು ಹಾಕಿ. ಒಂದೊಂದು 1.2 ವೋಲ್ಟ್, ಒಟ್ಟು 7.2. ಒಂದು ಸಲ ದುಡ್ಡು ಹೋಗುತ್ತದೆ, ಆಮೇಲೆ ವರ್ಷಗಟ್ಟಲೆ ಬರುತ್ತದೆ. ಮುಂದೆ ಡ್ರೈವರ್ ಬದಲಿಸುವಾಗ ಟಿಬಿ6612 ತರಿಸಿ. ಅದು ಇಷ್ಟು ನುಂಗುವುದಿಲ್ಲ.

ಕಡಪ ಕಲ್ಲಿನ ವಿಷಯ ಸುಲಭ. ಕಲ್ಲೇ ಕಪ್ಪು. ಎರಡೂ ಸೆನ್ಸರ್‌ಗೆ ಕಪ್ಪು ಕಂಡರೆ ನಿಲ್ಲು ಅಂತ ಹೆಚ್ಚಿನ ಕೋಡ್‌ಗಳಲ್ಲಿ ಬರೆದಿರುತ್ತಾರೆ. ಒಂದಕ್ಕೆ ಮಾತ್ರ ಕಂಡರೆ ಆ ಕಡೆ ತಿರುಗು. ಪಾಪ, ಅದು ಹೇಳಿದ ಹಾಗೇ ಮಾಡುತ್ತಿದೆ.

ಜೀನ್ಸ್ ಯಾಕೆ ಕಾಣಲ್ಲ ಅಂತ ನನಗೂ ಹೊಳೆಯುತ್ತಿಲ್ಲ.

ಮಿರ್ಚಿ ಮಂಡಕ್ಕಿ

ಈ ಕಿಟ್‌ಗಳೆಲ್ಲ ದುಡ್ಡು ದಂಡ. ನನ್ನ ಸೋದರಳಿಯನಿಗೆ ಕೊಡಿಸಿದ್ದೆ. ಒಂದು ವಾರ ಓಡಿತು, ಈಗ ಅಟ್ಟದ ಮೇಲಿದೆ. ಅದರ ಬದಲು ಸೈಕಲ್ ಕೊಡಿಸಿ.

ಶಕ್ತಿನಗರ ಶಿಫ್ಟ್

ಸೈಕಲ್ಲೂ ಕೊಡಿಸಲಿ ಬಿಡಿ.

@ಕೌಲ್ ಬಜಾರ್ ಅಪ್ಪ, ನನ್ನ ಅನುಮಾನ ಬೇರೆ. ಸೆನ್ಸರ್ ಸರಿ ಇದೆ, ಬಟ್ಟೆಯೂ ಸರಿ ಇದೆ. ನಿಮ್ಮ ಕಣ್ಣೂ ಸೆನ್ಸರಿನ ಕಣ್ಣೂ ಒಂದೇ ಅಲ್ಲ. ಹೇಳುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಬ್ಯಾಟರಿ ಬೇಡ, ಯುಎಸ್‌ಬಿ ವೈರ್ ಹಾಕಿ. ಮೊಬೈಲಿನ ಮುಂದಿನ ಕ್ಯಾಮೆರಾ ತೆರೆದು ಸೆನ್ಸರಿನ ಹೊಟ್ಟೆಗೆ ಹಿಡಿಯಿರಿ. ನಸು ನೇರಳೆ ಬೆಳಕು ಕಂಡರೆ ಐಆರ್ ದೀಪ, ಅಂದರೆ ಬರಿಗಣ್ಣಿಗೆ ಕಾಣದ ಬೆಳಕಿನ ದೀಪ, ಉರಿಯುತ್ತಿದೆ ಅಂತ. ಹಿಂದಿನ ಕ್ಯಾಮೆರಾದಲ್ಲಿ ಕಾಣದೇ ಹೋಗಬಹುದು, ಎಷ್ಟೋ ಫೋನುಗಳಲ್ಲಿ ಅದಕ್ಕೆ ತಡೆ ಇರುತ್ತದೆ.

ಆಮೇಲೆ ಮನೆಯಲ್ಲಿ ಕಪ್ಪಾಗಿ ಕಾಣುವುದನ್ನೆಲ್ಲ ಒಂದೊಂದಾಗಿ ಸೆನ್ಸರ್ ಕೆಳಗೆ ಇಡಿ. ಮಾಡ್ಯೂಲಿನ ಮೇಲೆ ಸಣ್ಣ ದೀಪ ಇರುತ್ತದಲ್ಲ, ಹತ್ತಿತಾ ಆರಿತಾ ಅಂತ ಮಗಳು ಬರೆದುಕೊಳ್ಳಲಿ. ನೆಲದಿಂದ ಸೆನ್ಸರ್ ಒಂದು ಸೆಂಟಿಮೀಟರ್ ಒಳಗೇ ಇರಲಿ.

ಕೌಲ್ ಬಜಾರ್ ಅಪ್ಪ

ಮಾಡಿದಳು. ಮನೆಯೆಲ್ಲ ಹುಡುಕಿ ತಂದು ಇಟ್ಟಳು. ಅವಳ ನೋಟ್‌ಬುಕ್ಕಿನಲ್ಲಿ ಇದ್ದದ್ದು ಬರೆಯುತ್ತೇನೆ.

ಮೊದಲು ಬಿಳಿ ಪೇಪರ್ ಇಟ್ಟಾಗ ದೀಪ ಹತ್ತಿತು. ಕಪ್ಪು ಇನ್ಸುಲೇಷನ್ ಟೇಪ್‌ಗೆ ಆರಿತು. ಕಡಪ ಕಲ್ಲಿಗೂ ಆರಿತು. ಕಡು ನೀಲಿ ಜೀನ್ಸ್‌ಗೆ ಹತ್ತಿತು! ಬಿಳಿ ಬಟ್ಟೆಗೂ ಜೀನ್ಸ್‌ಗೂ ವ್ಯತ್ಯಾಸವೇ ಇಲ್ಲ. ಅವಳ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಎಳೆದ ಗೆರೆಗೂ ಹತ್ತಿತು. ದೇವರ ದೀಪದ ಮೇಲೆ ತಟ್ಟೆ ಹಿಡಿದು ಮಸಿ ತೆಗೆದು ಪೇಪರ್ ಮೇಲೆ ಬಳಿದಳು, ಅದಕ್ಕೆ ಆರಿತು. ಅವಳ ಅಮ್ಮನ ಕಪ್ಪು ಸೀರೆಗೆ ಹತ್ತಿತು. ಸೀರೆ ಹಾಳು ಮಾಡಿದ್ದಕ್ಕೆ ಬೈಸಿಕೊಂಡಳು, ಅದು ಬೇರೆ.

ಮುಂದಿನ ಕ್ಯಾಮೆರಾದಲ್ಲಿ ನೇರಳೆ ಬೆಳಕು ಕಂಡಿತು. ಇಪ್ಪತ್ತು ವರ್ಷದಿಂದ ಈ ಬಟ್ಟೆ ಮುಟ್ಟುತ್ತಿದ್ದೇನೆ. ಅದು ಬಿಳಿ ಅಂತ ಒಂದು ಮಿಷಿನ್ ನನಗೆ ಹೇಳುತ್ತಿದೆಯಲ್ಲ.

ಶಕ್ತಿನಗರ ಶಿಫ್ಟ್

ಅದೇ ಅಂದುಕೊಂಡೆ. ಪಟ್ಟಿ ಬಹಳ ಚೆನ್ನಾಗಿದೆ. ನಾವು ಇಂಜಿನಿಯರಿಂಗ್ ಲ್ಯಾಬಿನಲ್ಲಿ ಇದಕ್ಕಿಂತ ಕೆಟ್ಟದಾಗಿ ಬರೆದುಕೊಂಡಿದ್ದೇವೆ.

ಸೆನ್ಸರ್ ನೋಡುವುದು ನಮ್ಮ ಕಣ್ಣಿಗೆ ಕಾಣುವ ಬೆಳಕನ್ನಲ್ಲ. ನಮ್ಮ ಕಣ್ಣು ಕೆಂಪಿನ ತುದಿ, ಅಂದರೆ ಸುಮಾರು 700 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ ನಿಂತುಬಿಡುತ್ತದೆ. ಟಿಸಿಆರ್‌ಟಿ5000 ತರಹದ ಸೆನ್ಸರಿನ ದೀಪ 950ರ ಹತ್ತಿರ ಉರಿಯುತ್ತದೆ. ಜೀನ್ಸಿನ ನೀಲಿ ಇಂಡಿಗೋ. ಅದು ಕಿತ್ತಳೆ, ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಅದಕ್ಕೇ ನಮಗೆ ನೀಲಿ. 700 ದಾಟಿ ಮುಂದೆ ಹೋದಂತೆ ಇಂಡಿಗೋ ಹೀರುವುದು ತೀರಾ ಕಡಿಮೆ, ಬೆಳಕು ಬಣ್ಣವನ್ನು ದಾಟಿ ಒಳಗಿನ ಹತ್ತಿಗೆ ಬಡಿದು ವಾಪಸ್ ಬರುತ್ತದೆ. ಹತ್ತಿ ಬಿಳಿ ಅಲ್ವಾ? ಸೆನ್ಸರ್‌ಗೆ ಕಾಣುವುದು ಬಣ್ಣ ಹಾಕದ ಬಟ್ಟೆ. ಸ್ಕೆಚ್ ಪೆನ್ನಿನ ಶಾಯಿ, ಸೀರೆಯ ಬಣ್ಣ ಕೂಡ ಇದೇ ಜಾತಿ.

ಇಂಗಾಲ ಹಾಗಲ್ಲ. ದೀಪದ ಮಸಿ ಕಾಣುವ ಬೆಳಕನ್ನೂ ಕಾಣದ್ದನ್ನೂ ಒಟ್ಟಿಗೆ ನುಂಗುತ್ತದೆ. ಕಪ್ಪು ಟೇಪಿನಲ್ಲೂ ಸಾಮಾನ್ಯವಾಗಿ ಇರುವುದು ಇಂಗಾಲವೇ. ದೊಡ್ಡ ಟ್ರ್ಯಾಕ್ ಬೇಕಾದರೆ ಟೇಪೇ ಅಗ್ಗ. ಇಲ್ಲವೇ ಮಸಿಗೆ ಗೋಂದು ಕಲಸಿ ಬಳಿಯಿರಿ.

ಹಳೇ ರೇಡಿಯೋ

ನಲವತ್ತು ವರ್ಷ ಬೆಸುಗೆ ಹಾಕಿದ್ದೇನೆ. ಇದು ನನಗೆ ಇವತ್ತು ಗೊತ್ತಾಯಿತು. ಮಗುವಿಗೆ ನನ್ನ ಕಡೆಯಿಂದ ಒಂದು ಮಿರ್ಚಿ.

ಮಿರ್ಚಿ ಮಂಡಕ್ಕಿ

ಮಿರ್ಚಿ ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ. ಆ ಕಿಟ್ಟನ್ನು ಅಟ್ಟದಿಂದ ಇಳಿಸುತ್ತೇನೆ. ಅದರದ್ದೊಂದು ಕತೆ ಇದೆ, ಬ್ಲೂಟೂತ್ ಮಾಡ್ಯೂಲ್ ಹಾಕಿದ ಮೇಲೆ ಕೋಡ್ ಹೋಗುತ್ತಲೇ ಇರಲಿಲ್ಲ. ಕಂಪ್ಯೂಟರು ಕೆಂಪು ಅಕ್ಷರದಲ್ಲಿ ಏನೋ ಬಯ್ಯುತ್ತಿತ್ತು. ಬೋರ್ಡ್ ಸುಟ್ಟಿದೆ ಅಂತ ಬಿಟ್ಟೆವು.

ಶಕ್ತಿನಗರ ಶಿಫ್ಟ್

ಬ್ಲೂಟೂತಿನ ವೈರು 0 ಮತ್ತು 1ನೇ ಪಿನ್ನಿಗೆ ಇದೆಯಾ ನೋಡಿ. ಉನೋ ಕಂಪ್ಯೂಟರಿನ ಜೊತೆ ಮಾತಾಡುವುದೂ ಅದೇ ಎರಡು ಪಿನ್ನಲ್ಲಿ. ಒಂದೇ ಬಾಗಿಲಲ್ಲಿ ಇಬ್ಬರು ಒಟ್ಟಿಗೆ ನುಗ್ಗಿದ ಹಾಗೆ ಆಗುತ್ತದೆ. ಕೋಡ್ ಹಾಕುವಾಗ ಆ ಎರಡು ವೈರು ಬಿಚ್ಚಿ, ಆಮೇಲೆ ಸಿಕ್ಕಿಸಿ. ಬೋರ್ಡ್ ಸುಟ್ಟಿರಲಾರದು.

ಮಿರ್ಚಿ ಮಂಡಕ್ಕಿ

ಬಿಚ್ಚಿದೆ. ಕೋಡ್ ಹೋಯಿತು. ಒಂದೂವರೆ ವರ್ಷ ಸುಮ್ನೆ ಅಟ್ಟದ ಮೇಲಿತ್ತು.

ಗಂಗಾವತಿ ಹೊಸಬ

ನಾನು ಡಿಪ್ಲೊಮಾ ಓದುತ್ತಿದ್ದೇನೆ, ಸಿವಿಲ್. ಸುಮ್ನೆ ಆಸೆಗೆ ಒಂದು ರೋಬೋಟ್ ಮಾಡಬೇಕು. ಕಿಟ್ ತರಿಸುವುದಾ, ಬಿಡಿ ಸಾಮಾನು ತರುವುದಾ? ಬ್ಯಾಟರಿಗೆ ಹಳೇ ಲ್ಯಾಪ್‌ಟಾಪಿನ ಸೆಲ್ ಬಿಚ್ಚಿ ಹಾಕೋಣ ಅಂತಿದ್ದೇನೆ, ಪುಕ್ಕಟೆ ಸಿಗುತ್ತದೆ.

ಹಳೇ ರೇಡಿಯೋ

ಆ ಕೊನೆಯ ಸಾಲಿಗೆ ಮೊದಲು ಉತ್ತರ. ಬೇಡ. ಸದ್ಯಕ್ಕೆ ಬೇಡ.

ಲ್ಯಾಪ್‌ಟಾಪಿನ ಆ 18650 ಗಾತ್ರದ ಲಿಥಿಯಂ ಸೆಲ್ಲು ಒಳ್ಳೆಯದೇ. ಒಂದು 3.7 ವೋಲ್ಟ್, ತುಂಬಿದಾಗ 4.2. ಎರಡು ಸಾಲಾಗಿ ಹಾಕಿದರೆ ಈ ಮೋಟರ್‌ಗೆ ಹೇಳಿ ಮಾಡಿಸಿದ ಹಾಗೆ. ಆದರೆ ಎರಡು ತುದಿ ಅಪ್ಪಿತಪ್ಪಿ ಒಂದಕ್ಕೊಂದು ತಗುಲಿದರೆ ವೈರು ಕೆಂಪಗಾಗುತ್ತದೆ. ಜಾಸ್ತಿ ಚಾರ್ಜ್ ಆದರೆ ಬೆಂಕಿ. ಹಳೇ ಪ್ಯಾಕಿನಿಂದ ಬಿಚ್ಚಿದ ಸೆಲ್ಲಿಗೆ ಹೊಟ್ಟೆಯಲ್ಲಿ ಏನು ಗಾಯವಾಗಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಇಟ್ಟರೆ ಇನ್ನೂ ಕಷ್ಟ. ತೆಗೆದುಕೊಂಡರೆ ಹೊಸದು, ರಕ್ಷಣಾ ಸರ್ಕ್ಯೂಟ್ ಇರುವುದು, ಅದಕ್ಕೆ ಸರಿಯಾದ ಚಾರ್ಜರ್ ಜೊತೆಗೆ. ಸೆಲ್ ಮೇಲೆ 9900 ಎಂಎಎಚ್ (ಸೆಲ್ಲು ಹಿಡಿಯುವ ಚಾರ್ಜಿನ ಅಳತೆ) ಅಂತ ಬರೆದಿದ್ದರೆ ಅಂಗಡಿಯಿಂದ ಹಾಗೇ ಎದ್ದು ಬನ್ನಿ. ಆ ಗಾತ್ರದ ಒಳ್ಳೇ ಸೆಲ್ಲಿನಲ್ಲಿ 3500 ಇದ್ದರೆ ಅದೇ ದೊಡ್ಡದು.

ಕಿಟ್ಟಾ ಬಿಡಿ ಸಾಮಾನಾ ಅನ್ನುವುದಕ್ಕೆ ನನ್ನ ಉತ್ತರ ಹಳೇ ಕಾಲದ್ದು. ಬೋರ್ಡೇ ಬೇಡ. 1948ರ ಹೊತ್ತಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಅಂತ ಒಬ್ಬ ಮೆದುಳಿನ ವಿಜ್ಞಾನಿ ಆಮೆಯ ಹಾಗೆ ತೆವಳುವ ರೋಬೋಟ್ ಮಾಡಿದರು. ಎಲ್ಮರ್, ಎಲ್ಸಿ ಅಂತ ಹೆಸರು. ಒಳಗೆ ಇದ್ದದ್ದು ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಎರಡು ಗಾಜಿನ ವಾಲ್ವು, ಬೆಳಕಿಗೊಂದು ಸೆನ್ಸರ್, ಮುಟ್ಟಿದರೆ ಗೊತ್ತಾಗಲು ಒಂದು ಸ್ವಿಚ್ಚು. ಅಷ್ಟಕ್ಕೇ ಬೆಳಕು ಹುಡುಕಿಕೊಂಡು ಹೋಗುತ್ತಿತ್ತು, ಗೋಡೆಗೆ ಗುದ್ದಿದರೆ ದಾರಿ ಬದಲಿಸುತ್ತಿತ್ತು. ಕಂಪ್ಯೂಟರ್ ಇಲ್ಲ, ಕೋಡ್ ಇಲ್ಲ. ನೀವು ಎರಡು ಎಲ್‌ಡಿಆರ್ (ಬೆಳಕು ಗುರುತಿಸುವ ಬಿಡಿಭಾಗ), ಎರಡು ಟ್ರಾನ್ಸಿಸ್ಟರ್, ಎರಡು ಮೋಟರ್ ಹಿಡಿದು ಟಾರ್ಚ್ ಬೆಳಕಿನ ಹಿಂದೆ ಓಡುವ ಗಾಡಿ ಒಂದು ಭಾನುವಾರದಲ್ಲಿ ಮಾಡಬಹುದು.

ಶಕ್ತಿನಗರ ಶಿಫ್ಟ್

ಹಿರಿಯರ ಮಾತಿಗೆ ಅಡ್ಡ ಬರುತ್ತಿದ್ದೇನೆ, ಕ್ಷಮಿಸಿ. ಟ್ರಾನ್ಸಿಸ್ಟರ್ ಗಾಡಿ ಚೆಂದ. ಆದರೆ ಅದರ ಬುದ್ಧಿ ಬದಲಿಸಬೇಕಾದರೆ ಬೆಸುಗೆ ಬಿಚ್ಚಬೇಕು. ಬೋರ್ಡ್ ಇದ್ದರೆ ಒಂದು ಸಾಲು ತಿದ್ದಿದರೆ ಸಾಕು. ಹೊಸಬರಿಗೆ ತಪ್ಪು ಮಾಡುವುದು ಅಗ್ಗವಾಗಬೇಕು, ಅಲ್ವಾ?

ನಾನು ಹೇಳುವುದು, ಬಿಡಿ ಸಾಮಾನೇ ತನ್ನಿ, ಆದರೆ ಬೋರ್ಡ್ ಸೇರಿಸಿ. ಪೂರ್ತಿ ಕಿಟ್‌ನಲ್ಲಿ ಕಳಪೆ ಬ್ಯಾಟರಿ ಕ್ಲಿಪ್ಪಿಗೂ ದುಡ್ಡು ಕೊಟ್ಟಿರುತ್ತೀರಿ. ಉನೋ ನಕಲು ಬೋರ್ಡಾದರೂ ನಡೆಯುತ್ತದೆ, ಅದರ ವಿನ್ಯಾಸವೇ ಎಲ್ಲರಿಗೂ ಬಿಟ್ಟಿದ್ದು. ಅದರಲ್ಲಿ ಯುಎಸ್‌ಬಿ ಮೂಲಕ ಕಂಪ್ಯೂಟರಿನ ಜೊತೆ ಮಾತಾಡಲು ಸಾಮಾನ್ಯವಾಗಿ ಸಿಎಚ್340 ಚಿಪ್ ಇರುತ್ತದೆ, ಕಂಪ್ಯೂಟರಿಗೆ ಅದರ ಡ್ರೈವರ್ ಸಾಫ್ಟ್‌ವೇರ್ ಹಾಕದಿದ್ದರೆ ಬೋರ್ಡ್ ಕಾಣದೇ ಹೋಗಬಹುದು. ಕೆಟ್ಟಿದೆ ಅಂತ ಎಸೆಯಬೇಡಿ. ರಾಯಚೂರಿನ ನಮಗೆ ಹೈದರಾಬಾದಿನ ಕೋಠಿ ಹತ್ತಿರ, ಅಲ್ಲಿ ಗುಜರಾತಿ ಗಲ್ಲಿ ಪೂರ್ತಿ ಇದೇ ಅಂಗಡಿಗಳು. ಗಂಗಾವತಿಯವರಿಗೆ ಯಾರಾದರೂ ಬೆಂಗಳೂರಿಗೆ ಹೋಗುವಾಗ ಎಸ್.ಪಿ. ರಸ್ತೆಯ ಪಟ್ಟಿ ಕೊಡಿ. ಒಂದು ಸಾಮಾನು ಬೇಕಾದ ಕಡೆ ಎರಡು ತರಿಸಿ. ಸೆನ್ಸರ್ ಒಂದು ಸುಟ್ಟಿತು ಅಂತ ಯಾರೂ ಮತ್ತೆ ಹೈದರಾಬಾದಿಗೆ ಹೋಗುವುದಿಲ್ಲ.

ಕಿನ್ನಾಳ ದಾರಿ

ಗಂಗಾವತಿ ಗೆಳೆಯರೇ, ಚಾಸಿಗೆ, ಅಂದರೆ ಗಾಡಿಯ ತಳದ ಪ್ಲೇಟಿಗೆ, ದುಡ್ಡು ಹಾಕಬೇಡಿ. ನಾನು ಕೊಪ್ಪಳದವನು. ಅಕ್ರಿಲಿಕ್ ಪ್ಲೇಟಿನ ನಟ್ಟು ಸ್ವಲ್ಪ ಬಿಗಿ ಮಾಡಿದರೆ ಟಪ್ ಅಂತ ಬಿರುಕು ಬಿಡುತ್ತದೆ. ನಮ್ಮ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರು ಹಗುರ ಮರ ಬಳಸುತ್ತಾರೆ. ತುಂಡುಗಳನ್ನು ಹುಣಸೆಯ ಅಂಟಿನಿಂದ ಜೋಡಿಸಿ, ಸೆಣಬಿನ ಚಿಂದಿ, ಮರದ ಹೊಟ್ಟು ಕಲಸಿದ ಕಿಟ್ಟ ಮೆತ್ತಿ ಗಟ್ಟಿ ಮಾಡುತ್ತಾರೆ. ಅದನ್ನು ನೋಡಿಯೇ ನನಗೆ ಮರದ ಯೋಚನೆ ಬಂದದ್ದು.

ನಾನು ಹಗುರ ಹಲಗೆಗೆ ಸಾದಾ ಮರದ ಅಂಟು ಹಾಕಿದೆ. ಮೊದಲ ಗಾಡಿಗೆ ಗ್ಲೂ ಗನ್ ಬಳಸಿದ್ದೆ. ಮೇ ತಿಂಗಳ ಮಧ್ಯಾಹ್ನ ಬೈಕಿನ ಮೇಲೆ ಇಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಒಂದು ಮೋಟರ್ ಜಾರಿ ನೆಲ ನೋಡುತ್ತಿತ್ತು. ಈಗ ಮೋಟರ್‌ಗೆ ಸ್ಕ್ರೂ, ಇಲ್ಲವೇ ತಂತಿಯ ಕಟ್ಟು. ಮರದಲ್ಲಿ ಎಲ್ಲಿ ಬೇಕಾದರೂ ತೂತು ಹಾಕಬಹುದು, ತಪ್ಪಿದರೆ ಪಕ್ಕದಲ್ಲಿ ಇನ್ನೊಂದು.

ಲಿಂಗಸುಗೂರು ಮೇಷ್ಟ್ರು

ಒಳ್ಳೇ ಚರ್ಚೆ. ನಡುವೆ ನನ್ನದೊಂದು ಪ್ರಶ್ನೆ. ಶಾಲೆಯ ಮಕ್ಕಳ ಜೊತೆ ಅಡ್ಡ ಬಂದದ್ದನ್ನು ಕಂಡು ತಿರುಗುವ ಗಾಡಿ ಮಾಡುತ್ತಿದ್ದೇವೆ. ಎರಡು ಚಕ್ರವೂ ಸರಿಯಾಗಿ ಓಡುತ್ತಿತ್ತು. ಮೇಲೆ ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸೋನಿಕ್ ಸೆನ್ಸರ್ ಕೂರಿಸಿ, ಅದನ್ನು ಅತ್ತಿತ್ತ ತಿರುಗಿಸಲು ನೀಲಿ ಸಣ್ಣ ಸರ್ವೋ ಮೋಟರ್ ಹಾಕಿದೆವು. ಆವಾಗಿಂದ ಎಡ ಚಕ್ರದ ವೇಗ ಬದಲಿಸಲು ಆಗುತ್ತಿಲ್ಲ. ಪೂರ್ತಿ ವೇಗ ಕೊಟ್ಟರೆ ಓಡುತ್ತದೆ, ಅರ್ಧಕ್ಕಿಂತ ಕಡಿಮೆ ಕೊಟ್ಟರೆ ಅಲುಗಾಡದು. ಮೋಟರ್ ಬದಲಿಸಿದೆ, ಡ್ರೈವರ್ ಬದಲಿಸಿದೆ, ಎರಡು ದಿನ ಹೋಯಿತು. ಮಕ್ಕಳು ದೆವ್ವ ಹಿಡಿದಿದೆ ಅನ್ನುತ್ತಿದ್ದಾರೆ.

ಶಕ್ತಿನಗರ ಶಿಫ್ಟ್

ಮೇಷ್ಟ್ರೇ, ಎಡ ಮೋಟರಿನ ವೇಗದ ವೈರು 9 ಅಥವಾ 10ನೇ ಪಿನ್ನಿಗೆ ಹೋಗಿದೆಯಾ?

ಲಿಂಗಸುಗೂರು ಮೇಷ್ಟ್ರು

10ಕ್ಕೆ. ಹೇಗೆ ಗೊತ್ತಾಯಿತು?

ಶಕ್ತಿನಗರ ಶಿಫ್ಟ್

ನಾನೂ ಎರಡು ದಿನ ಕಳೆದಿದ್ದೆ, ಅದಕ್ಕೆ. ಉನೋದಲ್ಲಿ ವೇಗ ಏರಿಳಿಸಲು ಆಗುವುದು 3, 5, 6, 9, 10, 11ನೇ ಪಿನ್ನುಗಳಲ್ಲಿ ಮಾತ್ರ. 9 ಮತ್ತು 10ನ್ನು ನಡೆಸುವ ಟೈಮರನ್ನು ಸರ್ವೋ ಲೈಬ್ರರಿ (ಸರ್ವೋ ನಡೆಸುವ ಸಿದ್ಧ ಕೋಡ್) ತನಗೆ ಅಂತ ಹಿಡಿದುಕೊಳ್ಳುತ್ತದೆ. ಸರ್ವೋ ಬೇರೆ ಪಿನ್ನಲ್ಲಿ ಇದ್ದರೂ ಅಷ್ಟೇ. ಆಮೇಲೆ ಆ ಎರಡು ಪಿನ್ ಬರೀ ಆನ್-ಆಫ್ ಸ್ವಿಚ್ಚು. ಮೋಟರಿನ ವೈರು 5 ಮತ್ತು 6ಕ್ಕೆ ಹಾಕಿ, ಕೋಡ್‌ನಲ್ಲಿ ನಂಬರ್ ತಿದ್ದಿ. ದೆವ್ವ ಹೋಗುತ್ತದೆ.

ಸರ್ವೋಗೆ ಕರೆಂಟು ಬೋರ್ಡಿನ 5 ವೋಲ್ಟ್ ಪಿನ್ನಿಂದ ಕೊಡಬೇಡಿ, ಬೇರೆ ಕೊಡಿ. ಆದರೆ ಗ್ರೌಂಡ್ (ಮೈನಸ್) ವೈರು ಎಲ್ಲಕ್ಕೂ ಒಂದೇ ಇರಬೇಕು. ಅದನ್ನು ಮರೆತರೆ ಸರ್ವೋ ನಡುಗುತ್ತಾ ಕೂರುತ್ತದೆ.

ಗಂಗಾವತಿ ಹೊಸಬ

ಅಲ್ಟ್ರಾಸೋನಿಕ್ ಬಿಸಿಲಿಗೆ ತಪ್ಪು ಅಳತೆ ತೋರಿಸುತ್ತದೆ ಅಂತ ಎಲ್ಲೋ ಓದಿದೆ. ನಿಜವಾ?

ಶಕ್ತಿನಗರ ಶಿಫ್ಟ್

ನಿಜ, ಆದರೆ ತಲೆ ಕೆಡಿಸಿಕೊಳ್ಳಬೇಡಿ. ಗಾಳಿ ಬಿಸಿಯಾದರೆ ಶಬ್ದ ಬೇಗ ಓಡುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 42ರಲ್ಲಿ ಸುಮಾರು 357. ಒಂದು ಮೀಟರಿಗೆ ಮೂರು ನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ಗೋಡೆಗೆ ಗುದ್ದದಿರಲು ಅಷ್ಟು ಸಾಕು.

ಬಿಸಿಲು ನಿಜವಾಗಿ ಕಾಡುವುದು ಐಆರ್ ಸೆನ್ಸರನ್ನು. ಸೂರ್ಯನ ಬೆಳಕಿನಲ್ಲೇ ಐಆರ್ ತುಂಬಿರುತ್ತದೆ. ಕಟ್ಟೆಯ ಮೇಲೆ ಹಗಲು ಓಡಿಸಿದರೆ ಅದಕ್ಕೆ ಊರೆಲ್ಲ ಬಿಳಿ.

ಲಿಂಗಸುಗೂರು ಮೇಷ್ಟ್ರು

5 ಮತ್ತು 6ಕ್ಕೆ ಹಾಕಿದೆವು. ಓಡಿತು! ಮಕ್ಕಳು ಕೂಗಿದ್ದಕ್ಕೆ ಪಕ್ಕದ ಕ್ಲಾಸಿನಿಂದ ದೂರು ಬಂತು.

ನನ್ನ ಕಡೆಯಿಂದಲೂ ಒಂದು ಮಾತು. ಮನೆಯಲ್ಲಿ ಸಾಮಾನು ಕೊಳ್ಳಲು ಆಗದವರು ಹತ್ತಿರ ಯಾವುದಾದರೂ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಾ ವಿಚಾರಿಸಿ. 2016ರಲ್ಲಿ ಶುರುವಾದ ಯೋಜನೆ, 6ರಿಂದ 12ನೇ ತರಗತಿಯ ಮಕ್ಕಳಿಗೆ. ಬೋರ್ಡು, ಸೆನ್ಸರ್, ಮೋಟರ್ ಎಲ್ಲ ಇರುತ್ತವೆ. ಕೇಳುವವರು ಬೇಕು ಅಷ್ಟೇ.

ಕೌಲ್ ಬಜಾರ್ ಅಪ್ಪ

ವಾಪಸ್ ಕಳಿಸುವ ದಿನ ನಿನ್ನೆ ಮುಗಿಯಿತು. ಕಳಿಸಲಿಲ್ಲ.

ಆರು ನಿಕಲ್ ಸೆಲ್ ಹಾಕಿದೆವು. ಒಂದು ಗಂಟೆ ಓಡಿದರೂ ದೀಪ ಮಿಣುಕಲಿಲ್ಲ. ಆಮೇಲೆ ಮಗಳು ಒಂದು ಕೆಲಸ ಮಾಡಿದಳು, ಅದನ್ನು ಹೇಳಲೆಂದೇ ಬಂದೆ. ಕಡಪ ಕಲ್ಲು ಕಪ್ಪು ತಾನೇ, ಹಾಗಾದರೆ ನೆಲವೇ ಕಪ್ಪಾಗಲಿ, ಗೆರೆ ಬಿಳಿ ಆಗಲಿ ಅಂದಳು. ಕೋಡ್‌ನಲ್ಲಿ ಸೊನ್ನೆ ಇದ್ದ ಕಡೆ ಒಂದು, ಒಂದು ಇದ್ದ ಕಡೆ ಸೊನ್ನೆ ಮಾಡಿದಳು. ನಾಲ್ಕು ಕಡೆ ತಿದ್ದಿದ್ದು, ಅಷ್ಟೇ. ಬಿಳಿ ಟೇಪು ಮನೆಯಲ್ಲಿ ಇರಲಿಲ್ಲ. ನಮ್ಮಮ್ಮ ರಂಗೋಲಿ ಡಬ್ಬ ತಂದು, ಹಾಲ್‌ನ ಈ ತುದಿಯಿಂದ ಆ ತುದಿಗೆ ಒಂದೇ ಎಳೆಯಲ್ಲಿ ಬಳ್ಳಿ ಎಳೆದರು. ಕೈ ಎತ್ತಲಿಲ್ಲ.

ರಾತ್ರಿ ಎಂಟಕ್ಕೆ ಬಿಟ್ಟೆವು. ಅಜ್ಜಿಯ ಬಳ್ಳಿಯ ಮೇಲೆ ಬಾಗಿಲವರೆಗೂ ಹೋಯಿತು. ಎರಡು ತಿರುವಿನಲ್ಲಿ ತಪ್ಪಿತು, ಅಲ್ಲಿ ಬಳ್ಳಿ ಸುರುಳಿ ಜಾಸ್ತಿ ಇತ್ತು. ಅಮ್ಮ ಗೆರೆ ತಿದ್ದುವುದಿಲ್ಲವಂತೆ, ರೋಬೋಟೇ ಕಲಿಯಲಿ ಅಂತಾರೆ.

ಈಗ ಹೊಸ ತೊಂದರೆ. ಮುಂದಿನ ಪುಟ್ಟ ಗುಂಡು ಚಕ್ರದೊಳಗೆ ರಂಗೋಲಿ ಪುಡಿ ಸೇರಿ ಕರಕರ ಅನ್ನುತ್ತಿದೆ. ಹೊಲಿಗೆ ಮಿಷಿನ್ ಎಣ್ಣೆ ಒಂದು ಹನಿ ಬಿಡಲಾ?

ಹಳೇ ರೇಡಿಯೋ

ಎಣ್ಣೆ ಬಿಡಬೇಡಿ, ಪುಡಿ ಕೆಸರಾಗುತ್ತದೆ. ಚಕ್ರ ಬಿಚ್ಚಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಒಣಗಲೇ ಉಜ್ಜಿ. ಮುಂದಿನ ಸಲ ಪುಡಿಯ ಬದಲು ಅಕ್ಕಿಹಿಟ್ಟು ನೀರಲ್ಲಿ ಕಲಸಿ ಗೆರೆ ಎಳೆಯಲು ಹೇಳಿ, ಒಣಗಿದ ಮೇಲೆ ಬಿಡಿ. ಸುರುಳಿ ತಿರುವಿಗೆ ವೇಗ ಇಳಿಸಿ ನೋಡಿ, ಆಗದಿದ್ದರೆ ನಡುವೆ ಮೂರನೇ ಸೆನ್ಸರ್ ಬೇಕು. ನನ್ನ ಹತ್ತಿರ ಒಂದು ಸುಮ್ನೆ ಬಿದ್ದಿದೆ. ರಾಯಲ್ ಸರ್ಕಲ್ ಕಡೆ ಬಂದಾಗ ಹೇಳಿ, ಕೊಡುತ್ತೇನೆ.